ಚಂದಾ ಕಟ್ಟುವ ಮುನ್ನ

ಸುಂಟಿಕೊಪ್ಪದ ಎಳೆಯರೇ,

ನಿಮ್ಮಲ್ಲಿ ಹಲವರು ಈಗಷ್ಟೇ ಸ್ವಂತ ಸಂಬಳ ಎಣಿಸತೊಡಗಿದ್ದೀರಿ. ಕೆಲವರು ಕೂಡ್ಲೂರಿನ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ, ಕೆಲವರು ಮಡಿಕೇರಿಯ ಹೋಟೆಲು ಅಂಗಡಿಗಳಲ್ಲಿ ದುಡಿಯುತ್ತೀರಿ. ಇನ್ನು ಕೆಲವರು ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೀರಿ. ತಿಂಗಳ ಮೊದಲ ವಾರ ಪೇಪರ್ ಏಜೆಂಟರ ಬಿಲ್ಲು ಮನೆಗೆ ಬಂದಾಗ ನೀವು ಅಪ್ಪನನ್ನೋ ಅಜ್ಜಿಯನ್ನೋ ಕೇಳುವ ಮಾತು ನನ್ನ ಕಿವಿಗೂ ಬಿದ್ದಿದೆ. ಎಲ್ಲಾ ಫೋನಿನಲ್ಲೇ ಸಿಗುತ್ತದಲ್ಲ, ಇದಕ್ಕೆ ಯಾಕೆ ದುಡ್ಡು?

ಕೇಳಬೇಕಾದ ಪ್ರಶ್ನೆಯೇ. ಕನ್ನಡದ ಒಂದು ದಿನಪತ್ರಿಕೆ ತರಿಸಿದರೆ ತಿಂಗಳಿಗೆ ಇನ್ನೂರು ಇನ್ನೂರೈವತ್ತು ರೂಪಾಯಿಯಾಗುತ್ತದೆ. ತೋಟದ ಲೈನ್‌ಮನೆಯಲ್ಲಿರುವ ಸಂಸಾರಕ್ಕೆ ಅದು ಸಣ್ಣ ದುಡ್ಡಲ್ಲ. ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮುಂಚೆ ತಕ್ಕಡಿಯಲ್ಲಿ ಏನನ್ನು ಇಟ್ಟು ತೂಗಬೇಕು ಅನ್ನುವುದನ್ನು ಹೇಳಲೇಬೇಕು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸುದ್ದಿ ಬೇಕೋ ಬೇಡವೋ ಅನ್ನುವ ಕಡೆಯಿಂದ ಯೋಚಿಸಬೇಡಿ. ಸುದ್ದಿ ಈಗ ಬೇಡವೆಂದರೂ ಬರುತ್ತದೆ. ದಿಲ್ಲಿಯ ಭಾಷಣ, ಕ್ರಿಕೆಟ್ ಸ್ಕೋರು, ಸಿನಿಮಾದವರ ಮದುವೆ, ಯಾವುದಕ್ಕೂ ನೀವು ದುಡ್ಡು ಕೊಡಬೇಕಾಗಿಲ್ಲ. ಕಾಫಿ ಬೆಲೆಗೂ ಪೇಪರ್ ಬೇಕಾಗಿಲ್ಲ. ರೊಬಸ್ಟಾದ ದರ ಲಂಡನ್ನಿನಲ್ಲಿ, ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ಏರಿಳಿದದ್ದು ನಿಮಿಷದೊಳಗೆ ಫೋನಿಗೆ ಬರುತ್ತದೆ, ಬೆಳಗಿನ ಪತ್ರಿಕೆಯಲ್ಲಿರುವುದು ನಿನ್ನೆಯದು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿ ಬೆಲೆ ಹಾರಿದಾಗ ನಾವು ಪೇಪರಿಗೆ ಕಾಯುತ್ತಿದ್ದೆವು. ಆ ಕಾಲ ಮುಗಿಯಿತು. ಫೋನು ಚೆನ್ನಾಗಿ ಮಾಡುವ ಕೆಲಸವನ್ನು ಫೋನಿಗೇ ಬಿಡಿ.

ಕೇಳಿಕೊಳ್ಳಬೇಕಾದದ್ದು ಬೇರೆ. ಈ ಪತ್ರಿಕೆ ಇಲ್ಲದೇ ಹೋಗಿದ್ದರೆ ಯಾವ ವಿಷಯ ನನ್ನವರೆಗೆ ಬರುತ್ತಲೇ ಇರಲಿಲ್ಲ? ನಮ್ಮ ಗ್ರಾಮ ಪಂಚಾಯಿತಿ ಸಭೆಯಲ್ಲಿ ಕಸ ವಿಲೇವಾರಿಗೆ ಯಾವ ಜಾಗ ಗೊತ್ತುಮಾಡಿದರು, ಅದಕ್ಕೆ ಒಪ್ಪದವರು ಯಾರು, ಅವರು ಕೊಟ್ಟ ಕಾರಣವೇನು? ಆಸ್ಪತ್ರೆಯಲ್ಲಿ ವೈದ್ಯರ ಜಾಗ ಎಷ್ಟು ತಿಂಗಳಿಂದ ಖಾಲಿ? ಆನೆ ನುಗ್ಗಿದ ತೋಟಕ್ಕೆ ಪರಿಹಾರ ಬಂತೇ, ಬರಲಿಲ್ಲವೇ? ನಮ್ಮ ಮೈದಾನದಲ್ಲಿ ನಡೆಯುವ ಡಿ. ಶಿವಪ್ಪ ಸ್ಮಾರಕ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ನಿಮ್ಮ ಓರಗೆಯ ಹುಡುಗ ಗೋಲು ಹೊಡೆದರೆ ಅವನ ಹೆಸರು ಎಲ್ಲಿ ಅಚ್ಚಾಗುತ್ತದೆ? ಇವು ಹಾರಿ ಬರುವ ಸುದ್ದಿಗಳಲ್ಲ. ಯಾರಾದರೂ ಅಲ್ಲಿಗೆ ಹೋಗಿ, ಕೊನೆಯತನಕ ಕೂತು, ಬರೆದುಕೊಂಡು, ಎರಡೂ ಕಡೆಯವರನ್ನು ಕೇಳಿ ತರಬೇಕು. ನೀವು ಕೆಲಸದಲ್ಲಿರುವ ಹೊತ್ತಿನಲ್ಲಿ ನಿಮ್ಮ ಪರವಾಗಿ ಒಬ್ಬರು ಆ ಸಭೆಯಲ್ಲಿ ಕೂತಿರುತ್ತಾರೆ. ಚಂದಾ ಕಟ್ಟುವುದೆಂದರೆ ಆ ಕೂರುವಿಕೆಗೆ ಹಣ ಕೊಡುವುದು. ಹಾಗೆ ಯಾರನ್ನೂ ಕೂರಿಸದ ಪತ್ರಿಕೆಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ನೀವು ಯೋಚಿಸಿರಲಾರಿರಿ ಅನ್ನಿಸುವ ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಪ್ರಕಟಣೆಗಳನ್ನು ನೀವು ಹಾರಿಸಿಬಿಡುತ್ತೀರಿ. ಕಾನೂನು ಆ ಮೂಲೆಯನ್ನು ಹಾರಿಸುವುದಿಲ್ಲ. ಸಿವಿಲ್ ದಾವೆಯಲ್ಲಿ ಪ್ರತಿವಾದಿಯ ಕೈಗೆ ಸಮನ್ಸ್ ಮುಟ್ಟಿಸಲಾಗದಿದ್ದರೆ, ಅವನು ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಅದನ್ನು ಪ್ರಕಟಿಸಲು ನ್ಯಾಯಾಲಯ ಆದೇಶಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮ ಅದು. ಹಾಗೆ ಪ್ರಕಟವಾದರೆ ಸಮನ್ಸನ್ನು ಖುದ್ದಾಗಿ ಕೈಗೆ ಕೊಟ್ಟಷ್ಟೇ ಬೆಲೆ. ಕೊಡಗಿನ ಜಮೀನಿನ ವಿಷಯ ನಿಮಗೆ ಗೊತ್ತೇ ಇದೆ. ಒಂದು ತೋಟದ ಹಿಂದೆ ಒಂದು ಇಡೀ ಮನೆತನ, ಹಂಚಿಕೆಯಾಗದ ಪಾಲುಗಳು, ಊರು ಬಿಟ್ಟು ಹೋದ ದಾಯಾದಿಗಳು. ಪಾಲಿನ ದಾವೆಯೊಂದರ ಸಮನ್ಸ್ ನಿಮ್ಮ ಹೆಸರಿಗೆ ಪತ್ರಿಕೆಯಲ್ಲಿ ಬಂದು, ನೀವು ನೋಡದೆ, ಏಕಪಕ್ಷೀಯವಾಗಿ ತೀರ್ಪಾದ ಮೇಲೆ ಅದನ್ನು ತೆಗೆಸಲು ಅಲೆಯುವ ಪಾಡು ಯಾರಿಗೂ ಬೇಡ. ಜಮೀನು ಕೊಳ್ಳುವವರ ವಕೀಲರೂ ಹೀಗೆಯೇ ಪ್ರಕಟಣೆ ಹಾಕಿಸುತ್ತಾರೆ. ಆಕ್ಷೇಪವಿದ್ದವರು ಏಳೋ ಹದಿನೈದೋ ದಿನದೊಳಗೆ ತಿಳಿಸಿ ಎಂದಿರುತ್ತದೆ.

ಸರ್ಕಾರದ ಕೆಲಸಗಳಿಗೂ ಇದೇ ದಾರಿ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಅಧಿಸೂಚನೆ ಗೆಜೆಟ್ಟಿನ ಜೊತೆಗೆ ಆ ಪ್ರದೇಶದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ ಬರಬೇಕು. ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು. ಅಲ್ಲಿಂದ ಆಕ್ಷೇಪ ಸಲ್ಲಿಸಲು ಇರುವುದು 60 ದಿನ. ದೊಡ್ಡ ಯೋಜನೆಯೊಂದಕ್ಕೆ ಪರಿಸರದ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ 2006ರ ಅಧಿಸೂಚನೆಯಂತೆ ಅದರ ಸೂಚನೆಯೂ ಪತ್ರಿಕೆಯಲ್ಲೇ ಪ್ರಕಟವಾಗಬೇಕು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ ಕೊನೆಯಲ್ಲಿ ಮತ್ತೊಮ್ಮೆ ಹೊರಟಾಗಲೂ ಆಕ್ಷೇಪಕ್ಕೆ ಕೊಟ್ಟದ್ದು 60 ದಿನವೇ. ಅದರ ಮೂಲ ಗೆಜೆಟ್ಟಿನ ಇಂಗ್ಲಿಷ್ ಪುಟಗಳಲ್ಲಿತ್ತು. ನಮ್ಮ ಕೊಡಗಿನ ಯಾವ ಯಾವ ಹಳ್ಳಿ ಅದರಲ್ಲಿದೆ, ಮನೆ ಕಟ್ಟಲು ತಡೆಯಿದೆಯೇ, ಕಲ್ಲುಕೋರೆಗೆ ಮಾತ್ರವೇ ಎಂಬುದನ್ನು ಬಿಡಿಸಿ ಹೇಳಬಲ್ಲವರು ಇಲ್ಲಿನ ಪತ್ರಿಕೆಯವರು. ನಿಮ್ಮ ಮನೆಮಾತು ಕೊಡವ ತಕ್ಕೋ ಮಲಯಾಳವೋ ತುಳುವೋ ತಮಿಳೋ ಅರೆಭಾಷೆಯೋ ಇರಲಿ, ಈ ನೆಲದ ಮೇಲಿನ ನೋಟೀಸು ಬಹುಪಾಲು ಕನ್ನಡದಲ್ಲೇ ಬರುತ್ತದೆ. ಫೋನು ನಿಮಗೆ ಇಷ್ಟವಾದದ್ದನ್ನು ಹುಡುಕಿ ತಂದುಕೊಡುತ್ತದೆ. ನಿಮ್ಮ ಹೆಸರಿಗೆ ಬಂದ ಸಮನ್ಸ್ ನಿಮಗೆ ಇಷ್ಟವಾಗುವ ಪಟ್ಟಿಯಲ್ಲಿ ಇರುವುದಿಲ್ಲ.

ಕೊಡಗಿನವರು ಒಂದು ಕಾಲದಲ್ಲಿ ತಮ್ಮದೇ ವಿಧಾನಸಭೆ ಇಟ್ಟುಕೊಂಡಿದ್ದವರು. 24 ಸದಸ್ಯರ ಆ ಸಭೆ ಮಡಿಕೇರಿಯಲ್ಲಿ ಕೂರುತ್ತಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಗಳಾಗಿದ್ದರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದೊಳಗೆ ಸೇರಿತು, ಆ ಸಭೆ ಇಲ್ಲವಾಯಿತು. ನಮ್ಮ ಮಾತು ಮೊದಲು ಮಡಿಕೇರಿಗೆ ತಲುಪಿದರೆ ಸಾಕಿತ್ತು, ಆಮೇಲೆ ಬೆಂಗಳೂರಿನವರೆಗೆ ಹೋಗಬೇಕಾಯಿತು. 1957ರಲ್ಲಿ ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಿಂದ ‘ಶಕ್ತಿ’ ಹೊರಡಿಸತೊಡಗಿದರು. ಸಭೆ ಹೋದ ಮರುವರ್ಷವೇ ಪತ್ರಿಕೆ ಬಂದದ್ದನ್ನು ನಾನು ಬರಿಯ ಕಾಕತಾಳೀಯವೆಂದು ತಿಳಿದಿಲ್ಲ. ಸಣ್ಣ ಜಿಲ್ಲೆಗೆ ತನ್ನ ಅಹವಾಲು ಹೇಳಿಕೊಳ್ಳಲು ಒಂದು ಜಾಗ ಬೇಕಿತ್ತು. ಆ ಪತ್ರಿಕೆ ಇಂದಿಗೂ ಬರುತ್ತಿದೆ. ಅದನ್ನೇ ತರಿಸಿ ಎಂದು ನಾನು ಹೇಳುತ್ತಿಲ್ಲ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಒಂದು ದಿನಪತ್ರಿಕೆ ತಲೆಮಾರುಗಳ ಕಾಲ ಉಳಿಯುವುದು ದುಡ್ಡು ಕೊಟ್ಟು ಓದುವವರಿಂದ ಎನ್ನುವುದನ್ನು ಮಾತ್ರ ಗಮನಿಸಿ.

ಇನ್ನೊಬ್ಬರನ್ನು ನೆನೆಯಬೇಕು. ನಮ್ಮ ಊರಿನ ಸುತ್ತಲಿನ ತೋಟಗಳ ನಡುವೆಯೇ ಕೊಡಗಿನ ಗೌರಮ್ಮ ಬಾಳಿದ್ದರು. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಆ ಹೆಣ್ಣುಮಗಳು ಅಷ್ಟು ಕಡಿಮೆ ವಯಸ್ಸಿನಲ್ಲಿ ಬರೆದ ಕಥೆಗಳನ್ನು ಕನ್ನಡ ಇವತ್ತೂ ಮರೆತಿಲ್ಲ. ಗಂಡ ತೋಟದ ಮ್ಯಾನೇಜರ್, ಸುತ್ತ ಕಾಫಿ ಗಿಡ, ವರ್ಷದ ಅರ್ಧ ಮಳೆ. ಅಲ್ಲಿ ಕೂತು ವಿಧವೆಯರ ಪಾಡನ್ನೂ ಹೆಣ್ಣಿನ ಮನಸ್ಸನ್ನೂ ಬರೆದರು. ಆ ಬರಹ ಧಾರವಾಡದ ದ.ರಾ. ಬೇಂದ್ರೆಯವರ ಕಣ್ಣಿಗೆ ಹೇಗೆ ಬಿತ್ತು ಅಂದುಕೊಂಡಿದ್ದೀರಿ? ಆಗಿನ ಕನ್ನಡ ಪತ್ರಿಕೆಗಳ ಮೂಲಕ. ಎಲ್ಲೆಲ್ಲೋ ಇದ್ದ ಮೇಷ್ಟರುಗಳು, ಗುಮಾಸ್ತರು ತಮ್ಮ ಸಣ್ಣ ಸಂಬಳದಲ್ಲಿ ವಾರ್ಷಿಕ ಚಂದಾ ಕಳಿಸಿ ಆ ಪತ್ರಿಕೆಗಳನ್ನು ಬದುಕಿಸಿದ್ದರು. ತಾವು ಕಾಣದ ಒಂದು ತೋಟದಲ್ಲಿ ಒಬ್ಬಾಕೆ ಬರೆಯುತ್ತಿದ್ದಾಳೆಂದು ತಿಳಿದು ಅವರು ಹಣ ಕಳಿಸಿದ್ದಲ್ಲ. ಆದರೂ ಅವರ ಹಣ ಅವಳ ಕಥೆಗೆ ದಾರಿಯಾಯಿತು. ನಿಮ್ಮಲ್ಲೂ ಬರೆಯುವವರಿದ್ದೀರಿ, ನನಗೆ ಗೊತ್ತು.

1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದು ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದಲ್ಲಿ ಉಳಿದಿದ್ದರು. ಗೌರಮ್ಮ ತಮ್ಮ ಮನೆಗೂ ಅವರು ಬರಲೇಬೇಕೆಂದು ಉಪವಾಸ ಹಿಡಿದು, ಬಂದಾಗ ಒಡವೆಗಳನ್ನು ನಿಧಿಗೆ ಒಪ್ಪಿಸಿದರು. ಈ ಕಥೆಯನ್ನು ಶಾಲೆಯಲ್ಲಿ ಕೇಳಿರುತ್ತೀರಿ. ಗಾಂಧೀಜಿ ಸ್ವತಃ ಪತ್ರಕರ್ತರು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ದಕ್ಷಿಣ ಆಫ್ರಿಕದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಜಾಹೀರಾತುಗಳನ್ನು ನಿಲ್ಲಿಸಿದವರು ಅವರು. ಓದುಗರ ಚಂದಾದಿಂದ ಬದುಕಲಾರದ ಪತ್ರಿಕೆ ನಿಲ್ಲುವುದೇ ಲೇಸು ಎಂಬುದು ಅವರ ನಿಲುವಾಗಿತ್ತು. ಕನ್ನಡದಲ್ಲೂ ಇಂಥದ್ದು ನಡೆದಿದೆ. ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿ, ಒಂದೂ ಜಾಹೀರಾತಿಲ್ಲದೆ, ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಸಿದರು. ಮಂತ್ರಿಗಳನ್ನು ಹೆಸರು ಹಿಡಿದು ಕೇಳುವ ಧೈರ್ಯ ಆ ಪತ್ರಿಕೆಗೆ ಬಂದದ್ದು ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡವರಿಂದ.

ಬಹುಪಾಲು ಪತ್ರಿಕೆಗಳು ಹಾಗೆ ನಡೆಯುವುದಿಲ್ಲ. ನೀವು ಕೊಡುವ ಬೆಲೆಯಲ್ಲಿ ಕಾಗದ, ಮುದ್ರಣ, ಸಾಗಾಟ, ಏಜೆಂಟರ ಕಮಿಷನ್ ಎಲ್ಲವೂ ಪೂರೈಸುವುದಿಲ್ಲ. ಮಿಕ್ಕದ್ದನ್ನು ಜಾಹೀರಾತು ತುಂಬುತ್ತದೆ. 1999ರಲ್ಲಿ ವಿಜಯ ಕರ್ನಾಟಕ ಬಂದ ಮೇಲೆ ಕನ್ನಡದಲ್ಲಿ ನಡೆದ ದರಸಮರ ನಿಮ್ಮ ಹೆತ್ತವರಿಗೆ ನೆನಪಿರುತ್ತದೆ. ಓದುಗರಿಗೆ ಅಗ್ಗವಾಯಿತು, ಓದುವವರು ಹೆಚ್ಚಿದರು, ಅದು ಒಳ್ಳೆಯದೇ. ಆದರೆ ಪತ್ರಿಕೆ ಎಂದರೆ ಬಹುತೇಕ ಪುಕ್ಕಟೆ ಸಿಗುವ ವಸ್ತು ಎಂಬ ಅಭ್ಯಾಸವೂ ಆಗಲೇ ಬೇರೂರಿತು. ಖರ್ಚಿನ ದೊಡ್ಡ ಪಾಲು ಯಾರು ಕೊಡುತ್ತಾರೋ ಅವರ ಮುಖ ನೋಡುವುದು ಮನುಷ್ಯಸಹಜ. ಇಡೀ ಮುಖಪುಟವನ್ನು ಜಾಹೀರಾತು ಹೊದ್ದ ದಿನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡಿ, ಯಾರ ಹಣ ಎಷ್ಟಿದೆ ಎಂದು ತಿಳಿಯುತ್ತದೆ. ಸುದ್ದಿಯ ವೇಷದಲ್ಲಿ ಬರುವ ಜಾಹೀರಾತು ಇದಕ್ಕಿಂತ ಕೆಟ್ಟದ್ದು. ಚುನಾವಣೆಯ ವಾರದಲ್ಲಿ ಒಬ್ಬ ಅಭ್ಯರ್ಥಿಯನ್ನು ಹೊಗಳುವ ಬರಹ ಎರಡು ಪತ್ರಿಕೆಗಳಲ್ಲಿ ಅದೇ ಪದಗಳಲ್ಲಿ ಕಂಡರೆ, ಅದು ವರದಿಯಲ್ಲ.

2018ರ ಆಗಸ್ಟ್ ನಿಮಗೆ ಚೆನ್ನಾಗಿ ನೆನಪಿದೆ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದಲ್ಲಿ ಗುಡ್ಡಗಳೇ ಜಾರಿದವು. ಆ ದಿನಗಳಲ್ಲಿ ಫೋನು ಜೀವ ಉಳಿಸಿತು, ಅದನ್ನು ಯಾರೂ ಅಲ್ಲಗಳೆಯಬಾರದು. ಯಾವುದೋ ದೇಶದ ಯಾವುದೋ ವರ್ಷದ ವಿಡಿಯೊವನ್ನು ನಮ್ಮ ಊರಿನದ್ದೆಂದು ನಂಬಿಸಿ ಮುದುಕರ ಎದೆ ನಡುಗಿಸಿದ್ದೂ ಫೋನೇ. ಟಿವಿಯವರು ದೊಡ್ಡ ಗಾಡಿಗಳಲ್ಲಿ ಬಂದರು, ಮಳೆ ನಿಂತಾಗ ಹೋದರು. ಅದಾದ ಮೇಲೆ ಶುರುವಾದದ್ದು ಯಾರಿಗೂ ರೋಚಕವಲ್ಲದ ವರ್ಷಗಳು. ಸಂತ್ರಸ್ತರ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಯಿತು, ಕರ್ಣಂಗೇರಿ, ಮದೆ, ಜಂಬೂರಿನ ಹೊಸ ಬಡಾವಣೆಗಳಲ್ಲಿ ಮನೆಗಳು ಯಾವ ಹಂತಕ್ಕೆ ಬಂದವು, ನೀರು ಬಂತೇ, ಹಕ್ಕುಪತ್ರ ಕೈಗೆ ಸಿಕ್ಕಿತೇ ಎಂದು ತಿಂಗಳು ತಿಂಗಳು ಬೆನ್ನುಬಿದ್ದವರು ಜಿಲ್ಲೆಯ ವರದಿಗಾರರು. ಅಂಥವರಲ್ಲಿ ಎಷ್ಟೋ ಜನರಿಗೆ ಸಿಗುವ ಸಂಭಾವನೆ ಪೆಟ್ರೋಲಿಗೂ ಸಾಲದು. ಇಂಥವರು ಇಲ್ಲವಾದರೆ ಏನಾಗುತ್ತದೆಂದು ಬೇರೆಡೆ ನೋಡಿ. ಅಮೆರಿಕದಲ್ಲಿ 2005ರಿಂದೀಚೆಗೆ ಮೂರನೇ ಒಂದಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿವೆ. ಹೆಚ್ಚಿನವು ಸಣ್ಣ ಊರುಗಳ ವಾರಪತ್ರಿಕೆಗಳು. ಆ ಊರುಗಳ ಜನರ ಕೈಯಲ್ಲೂ ಫೋನುಗಳಿವೆ, ತಮ್ಮ ಊರಿನ ಸಭೆಯಲ್ಲಿ ಏನಾಯಿತೆಂದು ಹೇಳುವವರು ಮಾತ್ರ ಇಲ್ಲ.

ಈಗ ನೀವು ಮಾಡಬೇಕಾದದ್ದು ಹೇಳುತ್ತೇನೆ. ಇವತ್ತೇ ಹಣ ಕಟ್ಟಬೇಡಿ. ಮೊದಲು ಒಂದು ತಿಂಗಳು ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿಗೆ ಹೋಗಿ ಓದಿ. ಅದು ದಾನವಲ್ಲ. 1965ರ ಗ್ರಂಥಾಲಯ ಕಾಯ್ದೆಯಂತೆ ನಿಮ್ಮ ಮನೆತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರವಾಗಿ ಹೋಗುತ್ತದೆ. ಎರಡು ಮೂರು ಪತ್ರಿಕೆ ಹರಡಿಕೊಂಡು, ಪ್ರತಿಯೊಂದರಲ್ಲೂ ನಿಮಗೆ ಬೇರೆಲ್ಲೂ ಸಿಗದ ಸಂಗತಿ ಯಾವುದಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದಿದ್ದರಿಂದ ನೀವು ಏನಾದರೂ ಮಾಡಿದಿರೇ ಎಂಬುದನ್ನೂ ಬರೆಯಿರಿ. ಅರ್ಜಿ ಹಾಕಿದಿರೇ, ಗ್ರಾಮಸಭೆಗೆ ಹೋದಿರೇ, ಯಾರಿಗಾದರೂ ಎಚ್ಚರ ಹೇಳಿದಿರೇ? ತಪ್ಪು ಅಚ್ಚಾದರೆ ಮರುದಿನ ಒಪ್ಪಿಕೊಳ್ಳುತ್ತಾರೆಯೇ ನೋಡಿ. ಆರೋಪ ಹೊತ್ತವರ ಮಾತಿಗೂ ಜಾಗ ಕೊಡುತ್ತಾರೆಯೇ ನೋಡಿ. ಪುಟದ ತಳದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಇಂಥವರು ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. 1867ರ ಪತ್ರಿಕಾ ಕಾಯ್ದೆಯ ಕಾಲದಿಂದ ಬಂದ ಕಟ್ಟಳೆ ಅದು. ಸುಳ್ಳು ಬರೆದರೆ ಹೋಗಿ ಬಾಗಿಲು ತಟ್ಟಲು ಒಂದು ವಿಳಾಸವಿದೆ ಎಂದು ಅದರ ಅರ್ಥ. ವಾಟ್ಸ್ಆ್ಯಪ್ ಫಾರ್ವರ್ಡಿಗೆ ಆ ವಿಳಾಸವಿಲ್ಲ.

ತಿಂಗಳ ಕೊನೆಗೆ ನೋಟ್‌ಬುಕ್ ಖಾಲಿಯಿದ್ದ ಪತ್ರಿಕೆಯನ್ನು ಬಿಡಿ. ಮನೆಯವರು ಬಹಳ ವರ್ಷದಿಂದ ತರಿಸುತ್ತಿದ್ದಾರೆ ಎಂಬುದು ಅದನ್ನು ಮುಂದುವರಿಸಲು ಕಾರಣವಲ್ಲ. ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ, ಈ ಊರಿನಲ್ಲಿರುವವರು ಜಿಲ್ಲೆಯ ಸುದ್ದಿಯಲ್ಲಿ ಗಟ್ಟಿಯಾದದ್ದನ್ನು ಕೊಂಡು, ರಾಜ್ಯದ್ದನ್ನು ಗ್ರಂಥಾಲಯದಲ್ಲಿ ಓದುವುದು ಸರಿ ಎಂಬುದು ನನ್ನ ಮಾತು. ಬೆಂಗಳೂರಿನಲ್ಲಿರುವವರು ಕೊಡಗಿನ ಪತ್ರಿಕೆಯನ್ನು ಇಲ್ಲಿ ಹೆತ್ತವರ ಹೆಸರಿಗೆ ಹಾಕಿಸಿ, ನೀವು ಅದರ ಇ-ಪೇಪರ್ ಓದಿ. ಕಣ್ಣು ಮಂಜಾದ ಅಜ್ಜನಿಗೆ ಫೋನಿನ ಪರದೆಗಿಂತ ಕಾಗದ ಹಿತ. ಇ-ಪೇಪರಿನ ಪಿಡಿಎಫ್ ಗ್ರೂಪುಗಳಲ್ಲಿ ಪುಕ್ಕಟೆ ಓಡಾಡುತ್ತದೆ. ದುಡ್ಡು ಕೊಡಬಲ್ಲವರು ಅದನ್ನು ಇಳಿಸಿಕೊಂಡರೆ ಒಬ್ಬರ ಶ್ರಮವನ್ನು ಕದ್ದಂತೆಯೇ.

ಕೊಡಲಾಗದವರು ನಾಚಬೇಕಾಗಿಲ್ಲ. ಮಕ್ಕಳ ಫೀಸು, ತಾಯಿಯ ಔಷಧಿ ಮೊದಲು. ಮೂರು ಮನೆಯವರು ಸೇರಿ ಒಂದು ಪತ್ರಿಕೆ ತರಿಸಿ, ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು ಓದಬಹುದು. ಓದು ಬಾರದ ಅಕ್ಕಪಕ್ಕದವರಿಗೆ ಒಂದೆರಡು ಸುದ್ದಿ ಗಟ್ಟಿಯಾಗಿ ಓದಿ ಹೇಳಿ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಪೇಟೆಯಲ್ಲಿ ದೇವಸ್ಥಾನದ ಗಂಟೆ, ಮಸೀದಿಯ ಬಾಂಗು, ಚರ್ಚಿನ ಪ್ರಾರ್ಥನೆ ಒಂದೇ ಗಾಳಿಯಲ್ಲಿ ಕೇಳುತ್ತದೆ. ಸಂತೆಯಲ್ಲಿ ಎಲ್ಲರೂ ಎಲ್ಲರಿಂದಲೂ ಕೊಳ್ಳುತ್ತಾರೆ. ಪಕ್ಕದ ಮನೆಯವರನ್ನು ದ್ವೇಷಿಸಲು ದಿನಾ ಬೆಳಿಗ್ಗೆ ಒಂದು ಕಾರಣ ಒದಗಿಸುವ ಪತ್ರಿಕೆ, ಅದರ ಕಾಗದ ಎಷ್ಟೇ ನುಣುಪಾಗಿರಲಿ, ಬೆಲೆ ಎಷ್ಟೇ ಅಗ್ಗವಾಗಿರಲಿ, ನಿಮ್ಮ ಬೆವರಿನ ದುಡ್ಡಿನಿಂದ ನಡೆಯಬಾರದು. ಏಜೆಂಟರಿಗೆ ನಾಳೆಯಿಂದ ಬೇಡ ಎಂದು ಹೇಳಿ, ಯಾಕೆ ಬೇಡ ಎಂಬುದನ್ನು ಸಂಪಾದಕರಿಗೆ ಒಂದು ಕಾರ್ಡಿನಲ್ಲಿ ಬರೆಯಿರಿ.

ಚಂದಾ ಕಟ್ಟಿದವರಿಗೂ ಬರೆಯುವ ಕೆಲಸವಿದೆ. ವರದಿ ತಪ್ಪಿದ್ದರೆ ದಿನಾಂಕ, ಪುಟ ಹಾಕಿ ಸಂಪಾದಕರಿಗೆ ತಿಳಿಸಿ. ಅವರು ಗಮನಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಅಲ್ಲಿಗೆ ಹೋಗುವ ಮೊದಲು ಸಂಪಾದಕರಿಗೆ ಬರೆದ ಪತ್ರದ ಪ್ರತಿಯನ್ನು ಇಟ್ಟುಕೊಂಡಿರಬೇಕು. ಒಳ್ಳೆಯ ವರದಿ ಬಂದಾಗಲೂ ಬರೆಯಿರಿ, ವರದಿಗಾರರ ಹೆಸರು ಹಾಕಿ. ನಿಮ್ಮ ಬೀದಿಯ ಚರಂಡಿಯ ಬಗ್ಗೆ ಓದುಗರ ಪತ್ರ ಬರೆದರೆ ನಾಲ್ಕು ಸಾಲು ಸಾಕು. ಯಾವ ಬೀದಿ, ಎಂದಿನಿಂದ, ಯಾರಿಗೆ ಅರ್ಜಿ ಕೊಟ್ಟಿರಿ, ಏನು ಉತ್ತರ ಬಂತು ಎಂದಿರಲಿ. ಮಾರ್ಚ್ ಹೊತ್ತಿಗೆ ಕುಯ್ಲು ಮುಗಿದು ಮನೆಯಲ್ಲಿ ವರ್ಷದ ಲೆಕ್ಕ ತೆಗೆಯುವಾಗ ಈ ಖರ್ಚನ್ನೂ ಆ ಪುಸ್ತಕದಲ್ಲಿ ಬರೆಯಿರಿ. ಆ ವರ್ಷ ಆ ಪತ್ರಿಕೆ ನಮ್ಮ ಪಂಚಾಯಿತಿಯ ಎಷ್ಟು ಸಭೆಗಳಿಗೆ ಬಂದಿತ್ತೆಂದು ನೆನಪಿಸಿಕೊಂಡು, ಮುಂದಿನ ವರ್ಷದ ಚಂದಾ ಕಟ್ಟುವುದೋ ಬಿಡುವುದೋ ಮನೆಮಂದಿಯೆಲ್ಲ ಕೂತು ಗೊತ್ತುಮಾಡಿ.